ಕೊಂಬಿನ ಬೂದಿಯಿಂದ ಎದ್ದು ನಿಂತ ಘೇಂಡಾಮೃಗ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

 

2023ರ ಅಕ್ಟೋಬರ್ ನೆನಪಿದೆಯಾ? ಕನ್ನಡದ ರಿಯಾಲಿಟಿ ಶೋ ಒಂದರ ಸ್ಪರ್ಧಿ ಕತ್ತಿಗೆ ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡಿದ್ದಾರೆ ಅಂತ ಅರಣ್ಯ ಇಲಾಖೆಯವರು ಬಂಧಿಸಿದರು. ಆಮೇಲೆ ಸುಮಾರು ದಿನ ನಮ್ಮ ಫೋನ್‌ಗಳಲ್ಲಿ ಅದೇ ಸುದ್ದಿ. ಯಾರ ಕತ್ತಲ್ಲಿ ಏನಿದೆ ಅಂತ ಹಳೇ ಫೋಟೋಗಳನ್ನು ಜೂಮ್ ಮಾಡಿ ನೋಡಿದ್ದೇ ನೋಡಿದ್ದು. ಕೆಲವರು "ಇದು ಪ್ಲಾಸ್ಟಿಕ್" ಅಂದರು, ಕೆಲವರು "ತಾತನ ಕಾಲದ್ದು" ಅಂದರು. ನಾನೂ ಮೀಮ್ ಫಾರ್ವರ್ಡ್ ಮಾಡಿದವನೇ, ಸುಳ್ಳು ಹೇಳಲ್ಲ.

ಅದೇ ಸಮಯಕ್ಕೆ ದಸರಾ ಅಂತ ಮೈಸೂರಿಗೆ, ಅಜ್ಜಿ ಮನೆಗೆ ಹೋಗಿದ್ದೆ. ಅಲ್ಲಿ ಶೋಕೇಸಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಆನೆ ಒಂದಿದೆ. ಚಿಕ್ಕಂದಿನಿಂದ ನೋಡಿದ್ದೇ. ಆವತ್ತು ಮಾತ್ರ ಎದೆ ಧಸಕ್ ಅಂತು. ಮೆಲ್ಲಗೆ ತೆಗೆದು ತಿರುಗಿಸಿ ನೋಡಿದೆ. ಹೊಟ್ಟೆಯ ಕೆಳಗೆ ಉದ್ದಕ್ಕೂ ಅಚ್ಚಿನ ಗೆರೆ ಇತ್ತು. ಎರಡು ಅಚ್ಚು ಸೇರಿಸಿ ಮಾಡಿದ ಪ್ಲಾಸ್ಟಿಕ್ ಆನೆ. ಅಬ್ಬಾ ಅಂದುಕೊಂಡೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ ನಕ್ಕರು. "ಅದು ಎಕ್ಸಿಬಿಷನ್‌ನಲ್ಲಿ ತಂದಿದ್ದು ಕಣೋ. ದಂತ ನೋಡ್ಬೇಕು ಅಂದ್ರೆ ಅಲ್ಲಿ ನೋಡು" ಅಂತ ಗೋಡೆ ಕಡೆ ಕೈ ತೋರಿಸಿದರು.

ಗೋಡೆಯಲ್ಲಿ ಇದ್ದದ್ದು ನಮ್ಮ ತಾತ ಮಾಡಿದ ಇನ್‌ಲೇ ಚಿತ್ರ. ಬೀಟೆ ಮರದ ಹಲಗೆ. ಅದರಲ್ಲಿ ಎರಡು ತೆಂಗಿನಮರ, ಒಂದು ಎತ್ತಿನಗಾಡಿ, ಮೇಲೆ ಎಂಟಾಣೆ ಗಾತ್ರದ ಬಿಳಿ ಚಂದ್ರ. ಇಪ್ಪತ್ತು ವರ್ಷ ನಾನು ನೋಡಿದ ಚಂದ್ರ. ಅದು ಆನೆ ದಂತ ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಇವತ್ತಿನ ಮಾತು ಕಳ್ಳಬೇಟೆ ಮತ್ತು ಶಿಲ್ಪದ ಬಗ್ಗೆ. ಪ್ರಾಣಿಗಳ ಮೂರ್ತಿ ಮಾಡಿ ಪಾರ್ಕಲ್ಲಿ ನಿಲ್ಲಿಸಿ "ಕಾಡು ಉಳಿಸಿ" ಅಂತ ಬೋರ್ಡ್ ಹಾಕೋದು ನಾವೆಲ್ಲ ನೋಡಿರೋದೇ. ಅದರಿಂದ ಏನಾದರೂ ಆಗುತ್ತಾ ಅಂತ ನನಗೂ ಅನುಮಾನ ಇತ್ತು. ಆದರೆ ಆ ಚಂದ್ರನ ವಿಷಯ ಗೊತ್ತಾದ ಮೇಲೆ ಪ್ರಶ್ನೆಯೇ ಬದಲಾಯಿತು. ಆನೆಯನ್ನು ಕೊಂದದ್ದು ಯಾತಕ್ಕೆ? ಮಾಂಸಕ್ಕಲ್ಲವಲ್ಲ. ಕೆತ್ತನೆಗೆ, ಬಳೆಗೆ, ಪೆಟ್ಟಿಗೆಗೆ, ದೇವರ ಮೂರ್ತಿಗೆ, ಪಿಯಾನೋ ಕೀಲಿಗೆ, ಗೋಡೆ ಮೇಲಿನ ಚಂದ್ರನಿಗೆ. ಅಂದರೆ ಕಲೆ ಈ ಕೇಸಿನಲ್ಲಿ ಬರೀ ಸಾಕ್ಷಿ ಆಗಿರಲಿಲ್ಲ, ಆರೋಪಿಗಳ ಸಾಲಿನಲ್ಲೂ ಇತ್ತು. ಅಂಥ ಕಲೆ ಈಗ ಬೇಟೆಯ ಬಗ್ಗೆ ಮಾತಾಡ್ತೀನಿ ಅಂದರೆ ಯಾವ ಬಾಯಲ್ಲಿ ಮಾತಾಡಬೇಕು?

ಮೊದಲು ತಾತನ ಕೆಲಸದ ಬಗ್ಗೆ ಸ್ವಲ್ಪ ಹೇಳ್ತೀನಿ. ಇನ್‌ಲೇ ಅಂದರೆ ಬಣ್ಣ ಬಳಿಯೋದಲ್ಲ. ಚಿತ್ರದ ಒಂದೊಂದು ಭಾಗವನ್ನೂ ಸಣ್ಣ ಗರಗಸದಲ್ಲಿ ಬೇರೆ ಬೇರೆ ಮರದ ತೆಳು ತುಂಡಿನಿಂದ ಕತ್ತರಿಸಬೇಕು. ಬೀಟೆ ಹಲಗೆಯಲ್ಲಿ ಅಷ್ಟೇ ಆಕಾರಕ್ಕೆ ಕೊರೆದು, ಆ ತುಂಡನ್ನು ಕೂರಿಸಿ ಅಂಟಿಸಬೇಕು. ಆಮೇಲೆ ಉಜ್ಜಿ, ಪಾಲಿಶ್ ಮಾಡಿದರೆ ಕೈಯಿಟ್ಟರೂ ಸಂದು ಗೊತ್ತಾಗಬಾರದು. ಕಪ್ಪು ಬೀಟೆಯ ಮೇಲೆ ಬಿಳಿ ಎದ್ದು ಕಾಣಬೇಕಾದ ಕಡೆ ಹಿಂದೆಲ್ಲ ದಂತವೇ. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋದವರು ದಂತ ಕೂರಿಸಿದ ಬೀಟೆ ಬಾಗಿಲು ನೋಡಿರ್ತೀರಿ. ಆ ಕೆಲಸದ್ದೇ ಬಡವರ ಮನೆಯ ಆವೃತ್ತಿ ನಮ್ಮ ತಾತನ ಎತ್ತಿನಗಾಡಿ. "ಮರ ಹಟ ಮಾಡುತ್ತೆ, ದಂತ ಹೇಳಿದ ಮಾತು ಕೇಳುತ್ತೆ ಅಂತಿದ್ರು ನಿಮ್ಮ ತಾತ" ಅಂದರು ಅಜ್ಜಿ. ದಂತದ ಕೆಲಸದವರು ಎಲ್ಲ ಕಡೆ ಇಂಥದ್ದೇ ಮಾತು ಹೇಳ್ತಾರೆ. ಅದು ಒತ್ತಾಗಿರುತ್ತೆ, ಸಿಬಿರು ಏಳಲ್ಲ, ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತೆ.

"ಎಲ್ಲಿಂದ ಬರ್ತಿತ್ತು ಅಜ್ಜಿ ದಂತ?" ಅಂತ ಕೇಳಿದೆ.

"ಅಂಗಡಿಯಿಂದ. ಇನ್ನೆಲ್ಲಿಂದ ಬರುತ್ತೆ?"

ಈ ಉತ್ತರ ಕೇಳಿ ನನಗೆ ನಗು ಬಂತು. ಆದರೆ ನಮ್ಮ ಮನೆಗೆ ಹಾಲು ಎಲ್ಲಿಂದ ಬರುತ್ತೆ ಅಂದರೆ ನಾನೂ ಪ್ಯಾಕೆಟ್ಟಿಂದ ಅಂತಲೇ ಹೇಳೋದು.

ಕಾಡಿನ ಕಡೆಯಿಂದ ನೋಡಿದರೆ ಕತೆ ಬೇರೆ. ಆನೆಯ ದಂತದ ಮೂರನೇ ಒಂದು ಭಾಗದಷ್ಟು ತಲೆಬುರುಡೆಯ ಒಳಗೇ ಇರುತ್ತೆ. ಪೂರ್ತಿ ದಂತ ಬೇಕು ಅಂದರೆ ಮುಖವನ್ನೇ ಕಡಿಯಬೇಕು. ಇನ್ನೊಂದು ಸಂಗತಿ. ಆಫ್ರಿಕಾದಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತ ಇರುತ್ತೆ. ನಮ್ಮ ಏಷ್ಯಾದ ಆನೆಗಳಲ್ಲಿ ದೊಡ್ಡ ದಂತ ಇರೋದು ಗಂಡಿಗೆ ಮಾತ್ರ, ಅದೂ ಎಲ್ಲ ಗಂಡಿಗಲ್ಲ. ದಂತ ಇಲ್ಲದ ಗಂಡಾನೆಗೆ ಮಖ್ನಾ ಅಂತಾರೆ. ಹಾಗಾಗಿ ದಕ್ಷಿಣ ಭಾರತದಲ್ಲಿ ಬೇಟೆಗಾರನ ಗುರಿ ಬರೀ ಗಂಡಾನೆ. ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದಲ್ಲಿ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಅಂದರೆ, ಬೆಳೆದ ಹೆಣ್ಣಾನೆ ನೂರಿದ್ದರೆ ಬೆಳೆದ ಗಂಡು ಒಂದು ಅನ್ನುವಷ್ಟು. ನಮ್ಮ ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತಲ ಕಾಡಿನ ಕತೆ ಕೇಳಲೇಬೇಡಿ. ವೀರಪ್ಪನ್ ಅಂದರೆ ನಮಗೆ ಗಂಧ ನೆನಪಾಗುತ್ತೆ, ಆದರೆ ಅವನು ಹೆಸರು ಮಾಡಿದ್ದು ಮೊದಲು ದಂತಕ್ಕೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಬಂದು ಭಾರತದ ಆನೆ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಆಫ್ರಿಕಾದಿಂದ ತರಿಸಿದ ದಂತಕ್ಕೂ ಅದೇ ಗತಿ. ಮೈಸೂರಿನ ಇನ್‌ಲೇ ಕೆಲಸದಲ್ಲಿ ಈಗ ಬಿಳಿ ಬೇಕಾದ ಕಡೆ ಬಿಳಿ ಮರ ಅಥವಾ ಪ್ಲಾಸ್ಟಿಕ್ ಹಾಕ್ತಾರೆ. ತಾತ ಅದನ್ನು ಒಪ್ಪಿಕೊಂಡರಂತೆ, ಆದರೆ ಬಾಯಿ ತುಂಬ ಬೈದುಕೊಂಡೇ.

ಇಷ್ಟು ಗೊತ್ತಾದ ಮೇಲೆ ಒಂದು ವಿಡಿಯೋ ನೋಡಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್, 2017ರ ಆಗಸ್ಟ್ 3. ಕಲ್ಲು ಪುಡಿ ಮಾಡುವ ದೊಡ್ಡ ಯಂತ್ರ ತಂದು ನಿಲ್ಲಿಸಿದ್ದಾರೆ. ನಮ್ಮ ಕಡೆ ಜಲ್ಲಿ ಕ್ರಷರ್ ಇರುತ್ತಲ್ಲ, ಅಂಥದ್ದು. ಬೆಲ್ಟಿನ ಮೇಲೆ ಸಾಲಾಗಿ ಹೋಗ್ತಾ ಇರೋದು ದಂತದ ಕೆತ್ತನೆಗಳು. ಬುದ್ಧ, ಗೋಪುರ, ಆನೆ ಸಾಲು, ಹೆಂಗಸಿನ ಮೂರ್ತಿ. ವ್ಯಾಪಾರಿಗಳಿಂದ ವಶಪಡಿಸಿಕೊಂಡ ಸುಮಾರು ಎರಡು ಟನ್ ಮಾಲು. ಬೆಲೆ 80 ಲಕ್ಷ ಡಾಲರಿಗೂ ಹೆಚ್ಚು ಅಂದರು. ಕನಿಷ್ಠ ನೂರು ಆನೆಗಳ ಜೀವ ಅದರಲ್ಲಿತ್ತು ಅಂತ ಲೆಕ್ಕ ಹೇಳಿದರು. ಎಲ್ಲವೂ ಪುಡಿ.

ಆ ವಿಡಿಯೋ ನೋಡಿ ನನಗೆ ಖುಷಿ ಆಗಲಿಲ್ಲ. ತಾತನ ಬೆರಳು ನೆನಪಾಯಿತು. ಯಾರೋ ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ಕೂತು ಕೆತ್ತಿದ ಗೋಪುರ ಅದು. ಮ್ಯೂಸಿಯಮ್ಮಿಗೆ ಕೊಡಬಹುದಿತ್ತಲ್ಲ ಅನ್ನಿಸಿತು. ಎರಡು ದಿನ ಅದೇ ಯೋಚನೆ. ಆದರೆ ಆ ಗೋಪುರ ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಕೂತರೆ ನೋಡಿದವರು ಏನಂತಾರೆ? "ಎಷ್ಟು ಚೆನ್ನಾಗಿದೆ" ಅಂತಾರೆ. ಕೆತ್ತನೆ ಎಷ್ಟು ಚೆನ್ನಾಗಿರುತ್ತೋ ಆನೆ ಅಷ್ಟು ಬೇಗ ಮರೆತುಹೋಗುತ್ತೆ. ನನಗೆ ಇಪ್ಪತ್ತು ವರ್ಷ ಚಂದ್ರ ಮಾತ್ರ ಕಂಡಿದ್ದು ತಾತನ ಕೆಲಸ ಚೆನ್ನಾಗಿದ್ದರಿಂದಲೇ ಅಲ್ವಾ?

ಈಗ ಬರೋಣ ಅಸ್ಸಾಂಗೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಾವು ನೋಡಲೇಬೇಕಾದ ಶಿಲ್ಪ ಇರೋದು ಅಲ್ಲಿ, ಕಾಜಿರಂಗದಲ್ಲಿ.

ಒಂದು ಕೊಂಬಿನ ಘೇಂಡಾಮೃಗದ ಅತಿ ದೊಡ್ಡ ನೆಲೆ ಅದು. 2022ರ ಗಣತಿಯಲ್ಲಿ 2,613 ಸಿಕ್ಕವು. ಶಾಲೆ ಪುಸ್ತಕದಲ್ಲಿ ಖಡ್ಗಮೃಗ ಅಂತ ಓದಿರ್ತೀವಿ. ಆದರೆ ಆ ಖಡ್ಗ ಮೂಳೆಯೂ ಅಲ್ಲ, ದಂತವೂ ಅಲ್ಲ. ಕೆರಾಟಿನ್. ನಿಮ್ಮ ಉಗುರು, ನಿಮ್ಮ ಕೂದಲು ಯಾವುದರಿಂದ ಆಗಿದೆಯೋ ಅದೇ. ಅದಕ್ಕೆ ಔಷಧಿಯ ಗುಣ ಇದೆ ಅನ್ನೋ ನಂಬಿಕೆ ಏಷ್ಯಾದ ಕೆಲವು ದೇಶಗಳಲ್ಲಿ ಹಳೆಯದು. ಜೊತೆಗೆ ಅಂತಸ್ತು ತೋರಿಸೋಕೆ ಕೊಂಬಿನಲ್ಲಿ ಕೆತ್ತಿದ ಬಟ್ಟಲು, ಕಠಾರಿಯ ಹಿಡಿ. ಇಲ್ಲೂ ಕೆತ್ತನೆ ಬಂತು ನೋಡಿ.

ಅಸ್ಸಾಂ ಸರ್ಕಾರದ ಖಜಾನೆಗಳಲ್ಲಿ 1979ರಿಂದ ಕೊಂಬುಗಳು ಕೂಡುತ್ತಾ ಬಂದಿದ್ದವು. ಹೌದು, ಖಜಾನೆಯಲ್ಲೇ, ಬೆಲೆಬಾಳುವ ಮಾಲಿನ ಜೊತೆ ಬೀಗ ಹಾಕಿ. ಕೆಲವು ಬೇಟೆಗಾರರಿಂದ ಸಿಕ್ಕಿದ್ದು, ಕೆಲವು ತಾವಾಗಿ ಸತ್ತ ಪ್ರಾಣಿಗಳದ್ದು. 2021ರಲ್ಲಿ ಎಲ್ಲವನ್ನೂ ತೆಗೆದು ಪರಿಶೀಲಿಸಿದರು. ಕೋರ್ಟ್ ಕೇಸುಗಳಿಗೆ ಬೇಕಾದ್ದು ಮತ್ತು ಅಧ್ಯಯನಕ್ಕೆ, ಪ್ರದರ್ಶನಕ್ಕೆ ಅಂತ ಸ್ವಲ್ಪ ಉಳಿಸಿಕೊಂಡರು. ಮಿಕ್ಕ 2,479 ಕೊಂಬುಗಳನ್ನು ಸೆಪ್ಟೆಂಬರ್ 22ರಂದು, ಅಂದರೆ ವಿಶ್ವ ಘೇಂಡಾಮೃಗ ದಿನದಂದು, ಬೊಕಾಖಾತ್ ಎಂಬ ಊರಿನಲ್ಲಿ ಎಲ್ಲರ ಎದುರು ಸುಟ್ಟರು.

ಸುಡೋದು ಯಾಕೆ, ಮಾರಿದರೆ ಕಾಡಿಗೇ ದುಡ್ಡು ಬರ್ತಿತ್ತಲ್ಲ ಅಂತ ನಿಮ್ಮಲ್ಲಿ ಯಾರಾದರೂ ಕೇಳೇ ಕೇಳ್ತೀರಿ. ಜಗತ್ತಿನಲ್ಲಿ ಈ ವಾದ ಮಾಡೋರು ತುಂಬ ಜನ ಇದ್ದಾರೆ, ಎಲ್ಲರೂ ದಡ್ಡರೇನೂ ಅಲ್ಲ. ಆದರೆ ಮಾರಿದ ಕ್ಷಣ "ಇದಕ್ಕೆ ಇಷ್ಟು ಬೆಲೆ" ಅಂತ ಸರ್ಕಾರವೇ ಬೋರ್ಡ್ ಹಾಕಿದ ಹಾಗೆ. ಕಾನೂನಿನ ಮಾಲು ಯಾವುದು, ಕಳ್ಳಮಾಲು ಯಾವುದು ಅಂತ ಬೇರೆ ಮಾಡೋದು ಆಮೇಲೆ ಯಾರ ಕೈಲೂ ಆಗಲ್ಲ. ಕೀನ್ಯಾ 1989ರಲ್ಲೇ 12 ಟನ್ ದಂತಕ್ಕೆ ಬೆಂಕಿ ಇಟ್ಟು ಇದೇ ಮಾತು ಹೇಳಿತ್ತು. 2016ರಲ್ಲಿ ಮತ್ತೆ 105 ಟನ್ ಸುಟ್ಟಿತು. ನನಗಂತೂ ಸುಟ್ಟವರ ವಾದವೇ ಸರಿ ಅನ್ನಿಸುತ್ತೆ.

ಸಾಮಾನ್ಯವಾಗಿ ಸುಟ್ಟ ಮೇಲೆ ಸುದ್ದಿಯೂ ಮುಗಿಯುತ್ತೆ. ಅಸ್ಸಾಂನಲ್ಲಿ ಹಾಗಾಗಲಿಲ್ಲ. ಬೂದಿಯನ್ನು ಎತ್ತಿಟ್ಟರು. ಬಿಜು ದಾಸ್ ಅನ್ನೋ ಕಲಾವಿದ ಆ ಬೂದಿ ಸೇರಿಸಿ ನಿಜಗಾತ್ರದ ಮೂರು ಘೇಂಡಾಮೃಗ ಮಾಡಿದರು. ಒಂದು ಗಂಡು, ಒಂದು ಹೆಣ್ಣು, ಒಂದು ಮರಿ. 2022ರ ಸೆಪ್ಟೆಂಬರ್‌ನಲ್ಲಿ ಕಾಜಿರಂಗದ ಮಿಹಿಮುಖ್‌ನಲ್ಲಿ ಅವುಗಳ ಅನಾವರಣ ಆಯಿತು. 'ಅಬೋಡ್ ಆಫ್ ದ ಯೂನಿಕಾರ್ನ್' ಅಂತ ಹೆಸರಿಟ್ಟರು. ಒಂಟಿಕೊಂಬಿನ ಮನೆ ಅಂತ ಇಟ್ಟುಕೊಳ್ಳಿ.

ಯೋಚನೆ ಮಾಡಿ. ಆ ಮೂರು ಪ್ರಾಣಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಕೊಂಬು ಇದೆ. ಕೊಂಬಿಗೋಸ್ಕರ ಸತ್ತವು, ವಯಸ್ಸಾಗಿ ಸತ್ತವು, ನೆರೆಯಲ್ಲಿ ಸತ್ತವು, ಎಲ್ಲ ಒಂದೇ ಮೈಯಲ್ಲಿ. ಈಗ ಆ ಕೊಂಬನ್ನು ಯಾರೂ ಬಟ್ಟಲು ಮಾಡೋಕಾಗಲ್ಲ, ತೇಯೋಕಾಗಲ್ಲ, ಮಾರೋಕೂ ಆಗಲ್ಲ. ನಾವು ಸತ್ತವರ ಬೂದಿಯನ್ನು ನದಿಗೆ ಬಿಡ್ತೀವಿ, ಇವರು ಅದನ್ನು ಮತ್ತೆ ಪ್ರಾಣಿಯಾಗಿ ನಿಲ್ಲಿಸಿದ್ದಾರೆ. ಇದರಲ್ಲಿ ಶಿಲ್ಪಿಯ ಕೈಚಳಕ ಎಷ್ಟು ಅಂತ ಕಲಾ ವಿಮರ್ಶಕರು ಹೇಳಲಿ. ಫೋಟೋ ನೋಡಿದರೆ ಸಾಧಾರಣ ಪ್ರತಿಮೆ ಥರಾನೇ ಕಾಣುತ್ತೆ, ಅದನ್ನೂ ಹೇಳಿಬಿಡ್ತೀನಿ. ಯಾವುದರಿಂದ ಮಾಡಿದ್ದು ಅಂತ ಗೊತ್ತಾದ ಮೇಲೆ ಮಾತ್ರ ಅದನ್ನು ಮೊದಲಿನ ಹಾಗೆ ನೋಡೋಕಾಗಲ್ಲ.

ಜಾಗವೂ ಮುಖ್ಯ. ಮಿಹಿಮುಖ್ ಅಂದರೆ ಸಫಾರಿ ಹೊರಡೋ ಜಾಗ. ಜೀವಂತ ಘೇಂಡಾಮೃಗ ನೋಡೋಕೆ ಜೀಪ್ ಹತ್ತೋರು ಮೊದಲು ಸತ್ತವುಗಳ ಮುಂದೆ ಹಾದು ಹೋಗ್ತಾರೆ.

ಹಾಗಾದರೆ ಪ್ರತಿಮೆಯಿಂದ ಬೇಟೆ ನಿಂತಿತಾ? 2013, 2014ರಲ್ಲಿ ಅಸ್ಸಾಂನಲ್ಲಿ ವರ್ಷಕ್ಕೆ 27ರಷ್ಟು ಘೇಂಡಾಮೃಗಗಳು ಬೇಟೆಗೆ ಬಲಿಯಾಗಿದ್ದವು. 2022ರಲ್ಲಿ ಒಂದೂ ಇಲ್ಲ. 1977ರ ನಂತರ ಅಂಥ ವರ್ಷ ಅದೇ ಮೊದಲು ಅಂತ ಸರ್ಕಾರ ಹೇಳಿತು. ಆಮೇಲೆ ಮತ್ತೆ ಕೆಲವು ಪ್ರಕರಣ ಆಗಿವೆ. ಇದರ ಶ್ರೇಯಸ್ಸು ಹೋಗಬೇಕಾದ್ದು ರಾತ್ರಿ ಹೊತ್ತು ಎದೆ ಎತ್ತರದ ಹುಲ್ಲಿನಲ್ಲಿ ಕಾವಲು ಕಾಯುವ ಸಿಬ್ಬಂದಿಗೆ, ಪೊಲೀಸ್ ಕಾರ್ಯಪಡೆಗೆ. ಬೂದಿ ಪ್ರತಿಮೆ ಬಂದೂಕು ತಡೆಯಲ್ಲ. ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದರ ಜೊತೆ ಹೋಲಿಸಿ ನೋಡೋಕೆ ಇನ್ನೊಂದು. ಮತ್ತೆ ನ್ಯೂಯಾರ್ಕ್, 2018ರ ಮಾರ್ಚ್ 15. ಆಸ್ಟರ್ ಪ್ಲೇಸ್ ಎಂಬ ಜನನಿಬಿಡ ಚೌಕದಲ್ಲಿ 17 ಅಡಿ ಎತ್ತರದ ಕಂಚಿನ ಪ್ರತಿಮೆ. ಮೂರು ಘೇಂಡಾಮೃಗ, ಒಂದರ ಮೇಲೊಂದು, ಸರ್ಕಸ್ಸಿನ ಹಾಗೆ. ಮಾಡಿದವರು ಗಿಲ್ಲಿ ಮತ್ತು ಮಾರ್ಕ್ ಎಂಬ ಕಲಾವಿದ ದಂಪತಿ. ಹೆಸರು 'ದ ಲಾಸ್ಟ್ ಥ್ರೀ', ಕೊನೆಯ ಮೂರು. ಉತ್ತರದ ಬಿಳಿ ಘೇಂಡಾಮೃಗ ಅನ್ನೋ ಉಪಜಾತಿಯಲ್ಲಿ ಆಗ ಭೂಮಿ ಮೇಲೆ ಉಳಿದಿದ್ದೇ ಮೂರು. ಸುಡಾನ್ ಅನ್ನೋ ಗಂಡು, ಅವನ ಮಗಳು ನಾಜಿನ್, ಮೊಮ್ಮಗಳು ಫಾತು. ಮೂರೂ ಕೀನ್ಯಾದ ಓಲ್ ಪೆಜೆಟಾದಲ್ಲಿ ಬಂದೂಕಿನ ಕಾವಲಿನಲ್ಲಿ ಇದ್ದವು.

ನನಗೆ ಈ ಪ್ರತಿಮೆ ಅಷ್ಟು ಇಷ್ಟ ಆಗಲಿಲ್ಲ. ಸೆಲ್ಫಿಗೆ ಹೇಳಿ ಮಾಡಿಸಿದ ಹಾಗಿದೆ. ಕಂಚಿಗೂ ಕೊಂಬಿಗೂ ಸಂಬಂಧ ಇಲ್ಲ, ನ್ಯೂಯಾರ್ಕಿಗೂ ಕೀನ್ಯಾಗೂ ಇಲ್ಲ. ಆದರೆ ಅನಾವರಣ ಆದ ನಾಲ್ಕನೇ ದಿನ, ಮಾರ್ಚ್ 19ಕ್ಕೆ, ಸುಡಾನ್ ಸತ್ತ. 45 ವರ್ಷ. ವಯಸ್ಸಿನ ಕಾಯಿಲೆ ಜಾಸ್ತಿಯಾಗಿ, ಎದ್ದು ನಿಲ್ಲೋಕಾಗದೆ, ಡಾಕ್ಟರುಗಳೇ ದಯಾಮರಣ ಕೊಟ್ಟರು. ಕೊನೆಯ ಮೂರು ಅಂತ ಮಾಡಿದ ಪ್ರತಿಮೆಯ ಹೆಸರು ಒಂದು ವಾರದೊಳಗೆ ತಪ್ಪಾಯಿತು. ಈಗ ಉಳಿದಿರೋದು ಎರಡೂ ಹೆಣ್ಣು. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸೋ ಪ್ರಯತ್ನದಲ್ಲಿದ್ದಾರೆ. ಬೇಟೆ ಎಷ್ಟು ವೇಗದ್ದು ಅಂತ ಆ ಕಂಚು ತೋರಿಸಿತು, ಮಾಡಿದವರೂ ಅಂದುಕೊಳ್ಳದ ರೀತಿಯಲ್ಲಿ.

ಇನ್ನೊಂದೇ ಒಂದು ಉದಾಹರಣೆ ಹೇಳಿ ಮುಗಿಸ್ತೀನಿ. ಇದು ಚಿಕ್ಕದು, ಅಂಗೈ ಮೇಲೆ ಕೂರುತ್ತೆ. ಉಗಾಂಡಾದಲ್ಲಿ ನೈಲ್ ನದಿ ಪಕ್ಕ ಮರ್ಚಿಸನ್ ಫಾಲ್ಸ್ ಅನ್ನೋ ರಾಷ್ಟ್ರೀಯ ಉದ್ಯಾನ ಇದೆ. ಅದರ ಅಂಚಿನ ಊರು ಪಕ್ವಾಚ್. ಅಲ್ಲಿ ಬೇಟೆ ಅಂದರೆ ಉರುಳು. ಹಳೇ ಟೈರಿನ ಒಳಗಿನ ತಂತಿ ತೆಗೆದು ಕುಣಿಕೆ ಮಾಡಿ ಪ್ರಾಣಿ ಓಡಾಡೋ ದಾರಿಯಲ್ಲಿ ಕಟ್ತಾರೆ. ಜಿಂಕೆಗೆ ಅಂತ ಇಟ್ಟ ಕುಣಿಕೆಗೆ ಸಿಂಹ ಸಿಗುತ್ತೆ, ಜಿರಾಫೆ ಸಿಗುತ್ತೆ, ಆನೆಮರಿಯ ಸೊಂಡಿಲು ಸಿಗುತ್ತೆ. 'ಸ್ನೇರ್ಸ್ ಟು ವೇರ್ಸ್' ಅನ್ನೋ ತಂಡದ ಜೊತೆ ಅಲ್ಲಿನ ಹುಡುಗರು, ಅವರಲ್ಲಿ ಹಿಂದೆ ಬೇಟೆಗೆ ಹೋಗ್ತಿದ್ದವರೂ ಇದ್ದಾರೆ, ಕಾಡಿನಿಂದ ತೆಗೆದ ಆ ಉರುಳಿನ ತಂತಿಯನ್ನೇ ಬಗ್ಗಿಸಿ, ಸುತ್ತಿ, ಪುಟ್ಟ ಸಿಂಹ, ಆನೆ, ಜಿರಾಫೆ ಮಾಡ್ತಾರೆ. ಮಾರಿ ಬಂದ ದುಡ್ಡಲ್ಲಿ ಬದುಕ್ತಾರೆ. ಕುಣಿಕೆ ಹಾಕಿ ಅಭ್ಯಾಸ ಇರೋ ಬೆರಳಿಗೆ ಆ ತಂತಿ ಬಗ್ಗಿಸೋದು ಯಾರೂ ಕಲಿಸಬೇಕಾಗಿಲ್ಲ.

ಇದು ದೂರದ ಕತೆ ಅಂದುಕೊಳ್ಳಬೇಡಿ. ನಮ್ಮ ಬಂಡೀಪುರ, ನಾಗರಹೊಳೆ ಅಂಚಿನ ಹೊಲಗಳಲ್ಲಿ, ಕೊಡಗಿನ ತೋಟಗಳಲ್ಲಿ ಕಾಡುಹಂದಿಗೆ ಅಂತ ಬೈಕಿನ ಕ್ಲಚ್ ವೈರಿನ ಉರುಳು ಇಡ್ತಾರೆ. ಸಿಗೋದು ಎಷ್ಟೋ ಸಲ ಚಿರತೆ, ಒಮ್ಮೊಮ್ಮೆ ಹುಲಿ. ಬೆಳೆ ಕಳಕೊಂಡ ರೈತನ ಸಿಟ್ಟೂ ಸುಳ್ಳಲ್ಲ. ಪಕ್ವಾಚ್‌ನಲ್ಲೂ ಹಸಿವು ಸುಳ್ಳಾಗಿರಲಿಲ್ಲ. ಅಲ್ಲಿನ ತಂತಿಯ ಸಿಂಹ ನನಗೆ ಇಷ್ಟ ಆಗೋದು ಅದಕ್ಕೇ. ಉರುಳು ಇಟ್ಟವನನ್ನು ರಾಕ್ಷಸ ಅಂತ ಅದು ಬೈಯಲ್ಲ, ಅವನ ಕೈಯಲ್ಲೇ ತಂತಿಯನ್ನು ಇನ್ನೊಂದು ಥರ ಬಗ್ಗಿಸುತ್ತೆ.

ಚಂದ್ರ ಏನಾಯಿತು ಅಂತ ಹೇಳಿಲ್ಲ ಅಲ್ವಾ? 2024ರ ಜನವರಿಯಲ್ಲಿ ರಾಜ್ಯ ಸರ್ಕಾರ, ಮನೆಯಲ್ಲಿ ವನ್ಯಜೀವಿಗಳ ಅಂಗಾಂಗದಿಂದ ಮಾಡಿದ ವಸ್ತು ಇದ್ದರೆ 90 ದಿನದೊಳಗೆ ಒಪ್ಪಿಸಿ ಅಂತ ಗಡುವು ಕೊಟ್ಟಿತು. ನಾನು ಅಜ್ಜಿಗೆ ಫೋನ್ ಮಾಡಿ, ಹೇಗೆ ಹೇಳೋದು ಅಂತ ಹತ್ತು ನಿಮಿಷ ಬೇರೇನೋ ಮಾತಾಡಿದೆ. ತಾತ ಹೋಗಿ ಎಂಟು ವರ್ಷ. ಅವರ ಕೈಕೆಲಸ ಅಂತ ಮನೆಯಲ್ಲಿ ಉಳಿದಿದ್ದೇ ಅದೊಂದು. ಮಿಕ್ಕಿದ್ದೆಲ್ಲ ಅಂಗಡಿಯವರ ಪಾಲಾಗಿತ್ತು.

"ಪೇಪರಲ್ಲಿ ಓದಿದೀನಿ ಕಣೋ. ಬಂದು ಕರ್ಕೊಂಡು ಹೋಗು" ಅಂದರು ಅಜ್ಜಿ.

ಹಲಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಆಟೋದಲ್ಲಿ ತಗೊಂಡು ಹೋದೆವು. ಕಚೇರಿಯಲ್ಲಿ ಒಬ್ಬರು ಅದನ್ನು ಕಿಟಕಿ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಒಳ್ಳೇ ಕೆಲಸ ಅಮ್ಮ, ಯಾರು ಮಾಡಿದ್ದು?" ಅಂತ ಕೇಳಿದರು. ಅಜ್ಜಿ ತಾತನ ಹೆಸರು ಹೇಳಿದರು. ರಸೀದಿಯಲ್ಲಿ ಅದು "ಮರದ ಹಲಗೆ, ದಂತದ ಚೂರು ಸಹಿತ, 1" ಅಂತ ಆಯಿತು.

ಈಗ ಆ ಗೋಡೆಯಲ್ಲಿ ಮೊಳೆ ಇದೆ, ಸುತ್ತ ಸುಣ್ಣ ಮಾಸದ ಒಂದು ಚೌಕ ಇದೆ. ಬೇರೆ ಏನಾದರೂ ತೂಗು ಹಾಕ್ಲಾ ಅಂದರೆ ಅಜ್ಜಿ ಬೇಡ ಅಂತಾರೆ. ಪ್ಲಾಸ್ಟಿಕ್ ಆನೆ ಶೋಕೇಸಿನಲ್ಲೇ ಇದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕತೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಲೇಬೇಕು ಅಂತಿಲ್ಲ. ಮುಂದಿನ ವಾರ ಸಿಗೋಣ.